ಒಗ್ಗರಣೆ ಹುಡುಕಿ ಹೊರಟ ನಮ್ಮ ಅತ್ತೆ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರು ಊರಿನ ಹೋಟೆಲಿನವರು ಒಂದು ಸಭೆ ಸೇರಿ, ಇಂಥಿಂಥವರನ್ನು ಒಳಗೆ ಬಿಡಬಾರದು ಎಂದು ಠರಾವು ಮಾಡುವುದಾದರೆ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಅತ್ತೆಯದೇ ಇರುತ್ತದೆ. ಹಾಗೆಂದು ಅವಳು ಜಗಳಗಂಟಿಯಲ್ಲ. ಬಿಲ್ಲು ಕೊಡದೆ ಜಾರಿಕೊಳ್ಳುವವಳಲ್ಲ. ಸಾಂಬಾರಿನಲ್ಲಿ ನೊಣ ಬಿದ್ದಿದೆ ಎಂದು ಗಲಾಟೆ ಎಬ್ಬಿಸಿದವಳೂ ಅಲ್ಲ. ಅವಳು ಮಾಡುವುದಿಷ್ಟೇ: ಬರುತ್ತಾಳೆ, ಕೂರುತ್ತಾಳೆ, ಒಂದು ಪ್ಲೇಟು ಒಗ್ಗರಣೆ-ಮಿರ್ಚಿ ತರಿಸುತ್ತಾಳೆ, ಎರಡು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಆಮೇಲೆ ಕಣ್ಣು ತೆರೆದು, ಎಲ್ಲರಿಗೂ ಕೇಳುವ ಹಾಗೆ "ಇದಲ್ಲ" ಎಂದು ಎದ್ದುಬಿಡುತ್ತಾಳೆ. ನಸುಕಿನಲ್ಲೆದ್ದು ಒಲೆ ಹಚ್ಚಿದ ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ, ನೀವೇ ಹೇಳಿ.

ಒಗ್ಗರಣೆ-ಮಿರ್ಚಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರು ಓದುತ್ತಿದ್ದರೆ, ಪಾಪ, ಅವರಿಗಾಗಿ ಹೇಳುತ್ತೇನೆ. ಮಂಡಕ್ಕಿಯನ್ನು ನೀರಿನಲ್ಲಿ ಮುಳುಗಿಸಿ, ತಕ್ಷಣ ಎತ್ತಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಎಂದರೆ ಹುರಿಗಡಲೆಯ ಪುಡಿ ಉದುರಿಸಿ ನಿಂಬೆಹಣ್ಣು ಹಿಂಡಿದರೆ ಅದು ಒಗ್ಗರಣೆ. ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ದಪ್ಪ ಮೆಣಸಿನಕಾಯಿ, ಅದು ಮಿರ್ಚಿ. ಇವೆರಡು ಹೊಟ್ಟೆಗೆ ಬೀಳದೆ ಬಳ್ಳಾರಿಯಲ್ಲಿ ಯಾರಿಗೂ ಬೆಳಗಾಗುವುದಿಲ್ಲ.

ಅತ್ತೆ ಎಂದರೆ ಹೆಂಡತಿಯ ತಾಯಿ ಅಲ್ಲ, ನನ್ನಪ್ಪನ ಅಕ್ಕ. ಕುರುಗೋಡಿನ ಅಂಗನವಾಡಿಯಲ್ಲಿ ಜೀವನಪೂರ್ತಿ ಟೀಚರಾಗಿದ್ದು, ಈಗ ನಿವೃತ್ತಿಯಾಗಿ, ಅಲ್ಲೇ ಮಗನ ಮನೆಯಲ್ಲಿದ್ದಾಳೆ. ಇದ್ದಾಳೆ ಎನ್ನುವುದು ರೇಷನ್ ಕಾರ್ಡಿನ ಪ್ರಕಾರ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ಅವಳು ಇರುವುದು ಬಸ್ಸಿನಲ್ಲಿ. ಬೆಳಿಗ್ಗೆ ಕುರುಗೋಡಿನಲ್ಲಿ ಕಂಡವಳು ಹತ್ತಕ್ಕೆ ಬಳ್ಳಾರಿಯಲ್ಲಿ ನಮ್ಮ ಬಾಗಿಲಿಗೆ ಬಂದಿರುತ್ತಾಳೆ, ಮಧ್ಯಾಹ್ನ ಸಿರುಗುಪ್ಪದಿಂದ ಫೋನು ಮಾಡುತ್ತಾಳೆ. ಕಂಡಕ್ಟರುಗಳು ಆಧಾರ್ ಕಾರ್ಡು ಕೇಳುವುದನ್ನೂ ಬಿಟ್ಟಿದ್ದಾರೆ. ಜೊತೆಗೆ ಹೋಗುವ ನಾನು ಮಾತ್ರ ಗಂಡಸಾಗಿ ಹುಟ್ಟಿದ ತಪ್ಪಿಗೆ ಪ್ರತಿ ಸಲ ಟಿಕೆಟ್ ತೆಗೆಯಬೇಕು. "ನೀನೊಬ್ಬ ದಂಡದ ಗಿರಾಕಿ ನೋಡಲೇ ಅಳಿಯಾ" ಎನ್ನುತ್ತಾಳೆ. ಒಬ್ಬಳೇ ಹೋಗು ಎಂದರೆ ಹೋಗುವುದಿಲ್ಲ. ಎರಡು ತುತ್ತಿನ ಮೇಲೆ ಉಳಿಯುವ ಪ್ಲೇಟನ್ನು ಖಾಲಿ ಮಾಡಲು ಒಬ್ಬ ಬೇಕಲ್ಲ! ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರಾಗಿರುವ ನನಗೆ ವಾರಕ್ಕೆ ಒಂದು ರಜೆ. ಆ ಒಂದು ರಜೆಯೂ ಇನ್ನೊಬ್ಬರ ಎಂಜಲು ಒಗ್ಗರಣೆ ತಿನ್ನುವುದರಲ್ಲಿ ಹೋಗುತ್ತದೆ. ನನ್ನ ಹೊಟ್ಟೆ ಮುಂದೆ ಬಂದದ್ದಕ್ಕೆ ಕಾರಣ ಕೇಳುವ ಡಾಕ್ಟರಿಗೆ ನಾನು ಏನಂತ ಹೇಳಲಿ?

ಅವಳು ಹುಡುಕುವುದು ಏನನ್ನು ಎಂಬುದು ಮಾತ್ರ ನಗುವ ವಿಷಯವಲ್ಲ. ನನ್ನಜ್ಜ, ಅಂದರೆ ಅತ್ತೆಯ ಅಪ್ಪ, ಬಳ್ಳಾರಿಯ ಒಂದು ಹೋಟೆಲಿನಲ್ಲಿ ಒಗ್ಗರಣೆ ಮಾಡುವ ಕೆಲಸಕ್ಕಿದ್ದ. ಹೆಂಡತಿ ಮಕ್ಕಳು ಸಿರುಗುಪ್ಪದಲ್ಲಿ. ವಾರಕ್ಕೊಮ್ಮೆ ರಜೆಯ ದಿನ ಬರುತ್ತಿದ್ದ, ಬರುವಾಗ ತಾನೇ ಮಾಡಿದ ಒಗ್ಗರಣೆ-ಮಿರ್ಚಿ ತರುತ್ತಿದ್ದ. ಅತ್ತೆಗೆ ಆರು ವರ್ಷವಾಗಿದ್ದಾಗ ಜ್ವರ ಬಂದು ಹೋಗಿಬಿಟ್ಟ. ನನ್ನಪ್ಪ ಆಗ ತೊಟ್ಟಿಲಲ್ಲಿದ್ದ ಕೂಸು. ಅಜ್ಜನದು ಒಂದು ಫೋಟೋ ಇಲ್ಲ. ಅವನ ಜೊತೆ ಕೆಲಸ ಮಾಡಿದವರಿಲ್ಲ. ಆ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಜ್ಜಿ ತೀರಿ ಎಷ್ಟೋ ವರ್ಷವಾಯಿತು. ಆ ಮನುಷ್ಯನ ಮುಖ ನೋಡಿದವರಲ್ಲಿ ನಮ್ಮ ಮನೆಯಲ್ಲಿ ಉಳಿದಿರುವವಳು ಅತ್ತೆ ಒಬ್ಬಳೇ, ಅವಳಿಗೂ ಆ ಮುಖ ನೆನಪಿಗೆ ಬರುತ್ತಿಲ್ಲ.

"ಬಾಯಾಗ ಆ ರುಚಿ ಐತಿ ಅಳಿಯಾ, ಹೋಗಿಲ್ಲ. ಅದ ರುಚಿ ಇನ್ನೊಂದು ಸಲ ನಾಲಿಗಿಗೆ ಹತ್ತಿದ್ರ ಅಪ್ಪನ ಮುಖ ಬರ್ತೈತಿ. ಬಂದ ಬರ್ತೈತಿ" ಎನ್ನುತ್ತಾಳೆ.

ನಗಬೇಡಿ. ನಿಮಗೂ ಎಲ್ಲಿಯೋ ಒಂದು ಹೋಟೆಲಿನ ಸಾಂಬಾರಿನ ವಾಸನೆಗೆ ಹೈಸ್ಕೂಲಿನ ಕೊನೆಯ ಬೆಂಚು ಕಣ್ಣ ಮುಂದೆ ಬಂದು ನಿಂತಿರಬಹುದು. ಅದು ತಾನಾಗಿ ಬರುವುದು ಬೇರೆ. ನಮ್ಮ ಅತ್ತೆ ಅದನ್ನು ಬಾ ಬಾ ಎಂದು ರೆಟ್ಟೆ ಹಿಡಿದು ಎಳೆಯಲು ಹೊರಟಿದ್ದಾಳೆ.

ಮೊದಮೊದಲು ಆದ ಫಜೀತಿ ಕೇಳಿ. ಕೌಲ್ ಬಜಾರಿನ ಕಡೆಯ ಒಂದು ಹೋಟೆಲಿನಲ್ಲಿ ಎರಡು ತುತ್ತು ತಿಂದು ಕಣ್ಣು ಮುಚ್ಚಿದವಳು ಒಂದು ನಿಮಿಷವಾದರೂ ತೆರೆಯಲಿಲ್ಲ. ಕತ್ತು ಸ್ವಲ್ಪ ವಾಲಿತು. ಸಪ್ಲೈಯರ್ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಸುಮ್ಮನಿರು ಎಂದು ಸನ್ನೆ ಮಾಡಿದ್ದನ್ನು ಅವನು ಬೇಗ ತಾ ಎಂದು ತಿಳಿದಿರಬೇಕು. ಓಡಿಹೋಗಿ ಲೋಟದ ತುಂಬ ನೀರು ತಂದು ಅತ್ತೆಯ ಮುಖಕ್ಕೆ ಚಿಮುಕಿಸಿಯೇ ಬಿಟ್ಟ.

ಅತ್ತೆ ಕಣ್ಣು ಬಿಟ್ಟು, "ಹತ್ರ ಬಂದಿತ್ತಲೇ ತಮ್ಮಾ. ನೀರು ಹಾಕಿ ಓಡಿಸಿಬಿಟ್ಟಿ" ಎಂದಳು.

ಆ ಸಪ್ಲೈಯರ್, ಯಾರು ಬಂದಿದ್ದರು, ಯಾವ ಕಡೆ ಓಡಿದರು ಎಂದು ಬಾಗಿಲ ಕಡೆ ನೋಡುತ್ತ ನಿಂತ.

ಕುರುಗೋಡಿನಲ್ಲಿ ಆದದ್ದು ಬೇರೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಹೊಸ ಹೋಟೆಲು. ಅತ್ತೆ ಸೀದಾ ಅಡುಗೆಮನೆಗೇ ನುಗ್ಗಿದಳು. ಒಳಗೆ ಬನಿಯನ್ ಹಾಕಿದ, ಬಾಗಿಲಿನಷ್ಟು ಅಗಲದ ಭಟ್ಟ ಮಂಡಕ್ಕಿ ಹಿಂಡುತ್ತಿದ್ದ. ಅವನ ಮೀಸೆ ನೋಡಿಯೇ ನಾನು ಹೊಸ್ತಿಲಾಚೆ ನಿಂತೆ. ಅತ್ತೆ ಸೊಂಟಕ್ಕೆ ಕೈಯಿಟ್ಟು, "ಕೈ ತೊಳ್ಕೊಂಡಿಯೇನು? ಉಗುರು ತೋರ್ಸು" ಎಂದಳು. ಈಗ ಇವಳನ್ನು ಎತ್ತಿ ಆಚೆ ಇಡುತ್ತಾನೆ ಎಂದುಕೊಂಡೆ. ಆ ಮನುಷ್ಯ ಒಂದು ಕ್ಷಣ ದಿಟ್ಟಿಸಿ ನೋಡಿ, ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ಉಗುರು ತೋರಿಸಿದ!

"ಟೀಚರ್, ನಿನ್ನೇನ ಕತ್ತರಿಸೇನ್ರಿ" ಎಂದ.

ಅಂಗನವಾಡಿಯಲ್ಲಿ ಅವಳ ಕೈಕೆಳಗೆ ಉಪ್ಪಿಟ್ಟು ತಿಂದು ಬೆಳೆದವನಂತೆ. ಕುರುಗೋಡಿನಲ್ಲಿ ಅಂಥವರಿಗೇನು ಕಡಿಮೆ? ಅವತ್ತು ಅವನು ಟೀಚರಿಗಾಗಿ ಸ್ಪೆಷಲ್ ಎಂದು ಗೋಡಂಬಿ ಹಾಕಿ ಒಗ್ಗರಣೆ ಮಾಡಿದ. ಅತ್ತೆ ಎರಡು ತುತ್ತು ತಿಂದಳು, ಕಣ್ಣು ಮುಚ್ಚಿದಳು, ತೆರೆದಳು. ಹುಡುಗನ ಮನಸ್ಸು ನೋಯಬಾರದೆಂದು "ಇದಲ್ಲ" ಎನ್ನಲಿಲ್ಲ. "ಜಾಣ" ಎಂದು ತಲೆ ಸವರಿದಳು. ಗೋಡಂಬಿ ಇದ್ದದ್ದರಿಂದ ಆ ದಿನ ನನಗೂ ಹೆಚ್ಚು ಬೇಜಾರಾಗಲಿಲ್ಲ.

ರುಚಿ ಯಾಕೆ ಸಿಗುತ್ತಿಲ್ಲ ಎಂಬುದಕ್ಕೆ ಅವಳ ಹತ್ತಿರ ತಿಂಗಳಿಗೊಂದು ಕಾರಣ. ಒಂದು ತಿಂಗಳು ಎಣ್ಣೆ ಸರಿಯಿಲ್ಲ, ಆಗ ಕುಸುಬಿ ಎಣ್ಣೆ ಇತ್ತು ಎಂದಳು. ಇನ್ನೊಂದು ತಿಂಗಳು ಗ್ಯಾಸು ಸರಿಯಿಲ್ಲ, ಸೌದೆ ಒಲೆ ಬೇಕು ಎಂದಳು. ಸೌದೆ ಒಲೆಯ ಹೋಟೆಲು ಹುಡುಕಿಕೊಂಡು ಕೊಳಗಲ್ಲಿನ ತನಕ ಹೋಗಿಬಂದೆವು. ಹೊಗೆ ಕುಡಿದು ಕೆಮ್ಮಿದ್ದೊಂದೇ ಲಾಭ. ಯಾವುದೇ ಹೋಟೆಲಿಗೆ ಹೋದರೂ ಬಿಸಿ ಬಿಸಿ ಬೇಕು ಎನ್ನುವುದು ಮಾತ್ರ ಅವಳ ಖಾಯಂ ಕಟ್ಟಪ್ಪಣೆ. ಬಾಣಲೆಯಿಂದ ಸೀದಾ ಪ್ಲೇಟಿಗೆ, ಪ್ಲೇಟಿನಿಂದ ಸೀದಾ ಬಾಯಿಗೆ. ಸ್ವಲ್ಪ ಆರಿದೆ ಎನಿಸಿದರೆ ಮುಟ್ಟುವುದಿಲ್ಲ, ವಾಪಸ್ಸು ಕಳಿಸುತ್ತಾಳೆ.

ಆಮೇಲೆ ನೀರಿನ ಮೇಲೆ ಅನುಮಾನ ಬಂತು. ಮಂಡಕ್ಕಿ ನೆನೆಸುವುದು ಈಗ ಬೋರಿನ ನೀರಿನಲ್ಲಿ, ಆಗ ಹೊಳೆಯ ನೀರಿತ್ತು ಎಂದು ತೀರ್ಮಾನಿಸಿ, ಒಂದು ಭಾನುವಾರ ನನ್ನನ್ನು ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡಕ್ಕೆ ಕರೆದುಕೊಂಡು ಹೋದಳು. ಅಲ್ಲಿಗೆ ಬಂದವರೆಲ್ಲ ಹಳೆಯ ಕಟ್ಟಡ ನೋಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ನಾನು ಪ್ಯಾಂಟು ಮಡಿಚಿಕೊಂಡು ತುಂಗಭದ್ರೆಗೆ ಇಳಿದು ಐದು ಲೀಟರಿನ ಕ್ಯಾನು ತುಂಬಿಸಿದೆ. ಅದನ್ನು ಹೊತ್ತು ಎರಡು ಬಸ್ಸು ಬದಲಿಸಿ ಬಳ್ಳಾರಿಗೆ ಬಂದು ಒಂದು ಹೋಟೆಲಿನ ಗಲ್ಲಾದ ಮೇಲೆ ಇಟ್ಟೆವು.

ಮಾಲೀಕರು ತೆಲುಗಿನವರು, ತುಂಬ ಭಕ್ತರು. ಕ್ಯಾನು ನೋಡಿದ್ದೇ ಎದ್ದು ಚಪ್ಪಲಿ ಬಿಟ್ಟರು. "ತೀರ್ಥ ಏನಮ್ಮಾ ಇದು? ಕಾಶೀದಾ?" ಎಂದು ಕೇಳಿದರು.

"ತೀರ್ಥ ಅಲ್ರಿ, ಇದ್ರಾಗ ಮಂಡಕ್ಕಿ ನೆನಿಸಿ ಒಂದು ಪ್ಲೇಟ್ ಒಗ್ಗರಣಿ ಮಾಡಿಸಿಕೊಡ್ರಿ" ಎಂದಳು ಅತ್ತೆ.

ಅವರು ಮತ್ತೆ ಚಪ್ಪಲಿ ಹಾಕಿಕೊಂಡರು. ಆದರೂ ದೊಡ್ಡ ಮನಸ್ಸಿನವರು, ಮಾಡಿಸಿಕೊಟ್ಟರು. ಅತ್ತೆ ಎರಡು ತುತ್ತು ತಿಂದು ಎದ್ದಳು. ನನಗೆ ತಡೆಯಲಾಗಲಿಲ್ಲ. "ಅತ್ತಿ, ಅಜ್ಜ ಒಗ್ಗರಣಿ ಮಾಡ್ತಿದ್ದದ್ದು ಬಳ್ಳಾರ್‍ಯಾಗ. ಅದಕ್ಕ ಕೆಂಚನಗುಡ್ಡದ ನೀರು ಎಲ್ಲಿಂದ ಬರ್ತಿತ್ತು?" ಎಂದೆ. ಅವಳು ಬಿರಬಿರನೆ ನಡೆದಳು. ಬಸ್ ನಿಲ್ದಾಣ ಬಂತು. ಆಗ ನನ್ನ ಕಡೆ ತಿರುಗಿ, "ಇದನ್ನ ಹೊಳಿಗೆ ಇಳಿಯೋ ಮೊದ್ಲ ಹೇಳಾಕ ಏನಾಗಿತ್ತು ನಿನಗ? ಬಾಯಾಗ ಮಿರ್ಚಿ ಇತ್ತೇನು?" ಎಂದು ಬೈದಳು. ತಪ್ಪು ನನ್ನದೇ ಆಯಿತು.

ನನ್ನ ಹೆಂಡತಿಗೆ ಬೇರೆಯೇ ಚಿಂತೆ. "ಅತ್ತಿ ಕೂಡ ತಿರುಗಿ ತಿರುಗಿ ನೀವೂ ಊಟಕ್ಕ ಕುಂತ್ರ ಕಣ್ಣು ಮುಚ್ಚಾಕತ್ತೀರಿ. ನಾನು ಮಾಡಿದ ಸಾರಿಗೂ 'ಇದಲ್ಲ' ಅಂದ್ರ ಅವತ್ತಿಂದ ಹೋಟ್ಲ ಗತಿ ನಿಮಗ" ಎಂದು ಎಚ್ಚರಿಸಿದಳು. ನಾನು ಅವತ್ತಿನಿಂದ ಮನೆಯಲ್ಲಿ ಕಣ್ಣು ರೆಪ್ಪೆ ಬಡಿಯದೆ ಊಟ ಮಾಡುತ್ತಿದ್ದೇನೆ.

ಹೀಗೆ ವಾರಕ್ಕೊಂದು ಹೋಟೆಲಿನ ಲೆಕ್ಕದಲ್ಲಿ ನಡೆದಿದ್ದರೆ ಹೇಗೋ ಸಾಗುತ್ತಿತ್ತು. ಒಂದು ದಿನ ಅತ್ತೆ ಪಿಂಚಣಿಯ ಯಾವುದೋ ಫಾರಂ ತುಂಬಲು ಬ್ಯಾಂಕಿಗೆ ಹೋದಳು. ಅಲ್ಲಿ ತಾಯಿಯ ಹೆಸರು ಕೇಳಿದರು. ಅತ್ತೆಗೆ ಹೊಳೆಯಲಿಲ್ಲ. ಹಿಂದೆ ನಿಂತವರು ಬೇಗ ಹೇಳಮ್ಮಾ ಎಂದು ಗೊಣಗಿದರಂತೆ. ಹೊರಗೆ ಬಂದು ಮೆಟ್ಟಿಲಿಳಿದ ಮೇಲೆ ನೆನಪಾಯಿತು. ಅಲ್ಲಿಂದ ಸೀದಾ ಬಸ್ಸು ಹತ್ತಿ ನಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ನಿಂತು ಹೇಳಿದಳು: "ಅವ್ವನ ಹೆಸರು ಮರೆತೆ ಅಳಿಯಾ. ಐವತ್ತು ವರ್ಷ ಕೂಡ ಇದ್ದ ಅವ್ವನ ಹೆಸರು. ಅದ ಹಿಂಗ ಹೋಗಾಕತ್ತಿದ್ರ ಆರು ವರ್ಷದಾಗ ನೋಡಿದ ಮುಖ ಎಲ್ಲಿ ಉಳೀತೈತಿ? ನಾನು ಮರೆತ್ರ ಅಪ್ಪ ಯಾರಿಗೂ ಇಲ್ಲದಂಗ ಆಗಿಬಿಡ್ತಾನ."

ವಯಸ್ಸಾದ ಮೇಲೆ ಎಲ್ಲರಿಗೂ ಹಾಗೆ ಆಗುತ್ತದೆ, ನಾನೂ ನಿನ್ನೆ ಸ್ಕೂಟರಿನ ಕೀಲಿ ಮರೆತೆ ಎಂದೇನೋ ತಡವರಿಸಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಅವತ್ತಿನಿಂದ ವಾರಕ್ಕೆ ನಾಲ್ಕು ದಿನ ತಿರುಗಾಟ ಶುರುವಾಯಿತು. ನನಗೆ ರಜೆಯಿಲ್ಲದ ದಿನ ಒಬ್ಬಳೇ ಹೋಗುತ್ತಿದ್ದಳು, ಉಳಿದ ಒಗ್ಗರಣೆಯನ್ನು ಪಕ್ಕದ ಟೇಬಲ್ಲಿನವರಿಗೆ ಕೊಟ್ಟು ಬರುತ್ತಿದ್ದಳು. ಒಂದೇ ಬೆಳಿಗ್ಗೆ ಮೂರು ಹೋಟೆಲು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಬಸ್ಸಿನಲ್ಲಿ ಕೂತರೂ ಇಳಿಯುವ ಊರು ಬರುವ ಮೊದಲೇ ಎದ್ದು ಬಾಗಿಲಿಗೆ ಹೋಗಿ ಜೋತಾಡುವಳು.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ದೂರದ ಸಂಬಂಧಿಕರ ಮನೆಯ ಗೃಹಪ್ರವೇಶವಿತ್ತು. ಅತ್ತೆ ಬೆಳಿಗ್ಗೆಯೇ ಬಳ್ಳಾರಿಗೆ ಬಂದಳು, ಇಬ್ಬರೂ ಸೇರಿ ಹೊರಟೆವು. ನಾನು ತಿಂಡಿ ತಿಂದಿರಲಿಲ್ಲ. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಅವಳ ಪರೀಕ್ಷೆ ಮುಗಿಸೋಣವೆಂದರೆ ಒಳಗೆ ಕಾಲಿಡಲು ಜಾಗವಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ನನಗಾಗಿ ಒಂದು ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡೆ. ಹಳೆಯ ಕಾಲದ ಹೋಟೆಲು, ಬಾಳೆ ಎಲೆಯಲ್ಲಿ ಹಾಕಿ, ಮೇಲೆ ಪೇಪರು ಸುತ್ತಿ, ದಾರ ಬಿಗಿದು ಕೊಟ್ಟರು.

"ಪಾರ್ಸಲ್ ತಿಂತೀಯೇನು? ಅದು ತಿಂಡಿ ಅಲ್ಲಲೇ, ತಂಗಳು" ಎಂದು ಅತ್ತೆ ಮೂಗು ಮುರಿದಳು.

ಬಸ್ಸಿನಲ್ಲಿ ಎಂಥ ನೂಕುನುಗ್ಗಲು ಎಂದರೆ ಪೊಟ್ಟಣ ಬಿಚ್ಚುವುದಿರಲಿ, ಅದನ್ನು ಹಿಡಿದ ಕೈ ನನ್ನದೋ ಪಕ್ಕದವನದೋ ತಿಳಿಯುವಂತಿರಲಿಲ್ಲ. ತೆಕ್ಕಲಕೋಟೆ ಇನ್ನೂ ದೂರವಿರುವಾಗ ಬಸ್ಸು ಗೊರ್ ಎಂದು ಕೆಮ್ಮಿ ನಿಂತಿತು. ಡಿಪೋದಿಂದ ಮೆಕ್ಯಾನಿಕ್ ಬರಬೇಕು ಎಂದ ಡ್ರೈವರ್. ಹಿಂದಿನ ಬಸ್ಸುಗಳು ನಮ್ಮದಕ್ಕಿಂತ ತುಂಬಿ ಬರುತ್ತಿದ್ದವು. ಎಲ್ಲರೂ ಇಳಿದು ಒಂದೊಂದು ಮರದ ಕೆಳಗೆ ಸೇರಿಕೊಂಡರು. ಅತ್ತೆ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದಳು, ಇಂಜಿನ್ನಿನೊಳಗೆ ಇಣುಕಿದಳು, ಡ್ರೈವರಿಗೆ ಉಪದೇಶ ಮಾಡಿದಳು, ವಾಪಸ್ಸು ಬಂದಳು. ಒಂದು ಗಂಟೆ ದಾಟಿತು. ಗೃಹಪ್ರವೇಶದ ಮನೆಯಲ್ಲಿ ಹೋಳಿಗೆ ಬಡಿಸುತ್ತಿರುತ್ತಾರೆ ಎಂಬ ಯೋಚನೆಯಿಂದ ನನ್ನ ಹಸಿವು ಇಮ್ಮಡಿಯಾಯಿತು. ಬೇವಿನ ಮರದ ಬುಡದಲ್ಲಿ ಕುಳಿತು ಪೊಟ್ಟಣ ಬಿಚ್ಚಿದೆ.

ತಿನ್ನುವ ತಿಂಡಿ ಅನ್ನುವ ಹಾಗಿರಲಿಲ್ಲ ಅದು. ಒಗ್ಗರಣೆ ತಣ್ಣಗಾಗಿ ಮುದ್ದೆಗಟ್ಟಿತ್ತು. ಮಿರ್ಚಿ ಮೆತ್ತಗಾಗಿ, ಹಿಟ್ಟು ಕಳಚಿಕೊಂಡು, ಅದರ ಎಣ್ಣೆ ಮಂಡಕ್ಕಿಗೆ ಇಳಿದಿತ್ತು. ಈರುಳ್ಳಿ ಬೆವತಿತ್ತು. ಎಲೆಯ ವಾಸನೆ, ಪೇಪರಿನ ವಾಸನೆ ಎಲ್ಲ ಸೇರಿ ಬೇರೆಯೇ ಒಂದು ವಾಸನೆ. ಅತ್ತೆ ಸಕ್ಕರೆ ಕಾಯಿಲೆಯವಳು, ಬೆಳಗಿನಿಂದ ಏನೂ ತಿಂದಿಲ್ಲ, ತಲೆ ತಿರುಗಿ ಬಿದ್ದರೆ ಕಷ್ಟವೆಂದು ಅವಳ ಮುಂದೆ ಹಿಡಿದೆ. "ನುಂಗು ಅತ್ತಿ, ಔಷಧಿ ಅಂತ ನುಂಗು" ಎಂದೆ.

ಮುಖ ಸಿಂಡರಿಸಿಕೊಂಡೇ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಲಿಲ್ಲ. ಅಗಿಯುತ್ತಿದ್ದ ಬಾಯಿ ನಿಂತಿತು. ಮೆಲ್ಲಗೆ, ನೆಲಕ್ಕೆ ಕೈಯೂರಿ, ನನ್ನ ಪಕ್ಕ ಕುಳಿತಳು. ಇನ್ನೊಂದು ತುತ್ತು ತಾನೇ ತೆಗೆದುಕೊಂಡಳು. ಆಮೇಲೆ ಇನ್ನೊಂದು.

ಆಗ ನನಗೆ ಹೊಳೆಯಿತು. ಹೊಳೆದದ್ದೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಜ್ಜ ಬಳ್ಳಾರಿಯಲ್ಲಿ ಮಾಡಿ, ಕಟ್ಟಿಕೊಂಡು, ಆ ಕಾಲದ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಸಿರುಗುಪ್ಪಕ್ಕೆ ತರುತ್ತಿದ್ದ. ಅಪ್ಪ ಮಾಡಿದ ಒಗ್ಗರಣೆಯನ್ನು ಅತ್ತೆ ಒಂದು ದಿನವೂ ಬಿಸಿಯಾಗಿ ತಿಂದವಳೇ ಅಲ್ಲ! ಈ ಕಥೆಯನ್ನು ಅವಳು ನೂರು ಸಲ ಹೇಳಿದ್ದಳು, ನಾನು ನೂರು ಸಲ ಕೇಳಿದ್ದೆ. ಇಬ್ಬರಲ್ಲಿ ಒಬ್ಬರಿಗೂ ಬುದ್ಧಿ ಓಡಲಿಲ್ಲ. ಬಾಣಲೆಯಿಂದ ಬಾಯಿಗೆ ಎಂದು ಮೂರು ಊರಿನ ಹೋಟೆಲಿನವರ ಮಾನ ತೆಗೆದಿದ್ದೇವೆ. ನನಗೆ ಜೋರಾಗಿ ನಗು ಬಂತು. ಅತ್ತೆ ನಗಲಿಲ್ಲ, ನಾನೂ ನಿಲ್ಲಿಸಿದೆ.

"ಇದ ಏನು ಅತ್ತಿ, ಆ ರುಚಿ?" ಎಂದು ಕೇಳಿದೆ.

"ಇದ" ಎಂದಳು.

ಕೇಳಲು ಹೆದರಿಕೆಯಾಯಿತು. ಆದರೂ ಕೇಳಿದೆ. "ಮುಖ ಬಂತೇನು?"

ಬಾಯಲ್ಲಿದ್ದ ತುತ್ತು ನುಂಗಿದಳು. ಆಮೇಲೆ ತಲೆಯಾಡಿಸಿದಳು. "ಇಲ್ಲ ಅಳಿಯಾ. ಮುಖ ಬರವಲ್ದು."

ಇಷ್ಟೆಲ್ಲ ಅಲೆದು, ರುಚಿ ಸಿಕ್ಕ ಮೇಲೂ ಇಲ್ಲವೆಂದರೆ ಇನ್ನೆಲ್ಲಿಗೆ ಹೋಗುವುದು? ಏನು ಹೇಳಿ ಸಮಾಧಾನ ಮಾಡುವುದು? ಅವಳೇ ಮಾತಾಡಿದಳು, ಯಾರನ್ನೋ ಎಬ್ಬಿಸಬಾರದು ಎನ್ನುವಷ್ಟು ಮೆಲ್ಲಗೆ.

"ಕೈ ಬಂತು. ಬೆರಳ ಸಂದ್ಯಾಗೆಲ್ಲ ಅರಿಶಿನ. ಮಣಿಕಟ್ಟಿನ ಮ್ಯಾಲೆ ಎಣ್ಣಿ ಸಿಡಿದದ್ದು ಕಲೆ. ಪೊಟ್ಟಣ ಬಿಚ್ಚತಾನ, ದಾರ ಹರಿಯಂಗಿಲ್ಲ, ಹುಷಾರಾಗಿ ಬಿಡಸ್ತಾನ. ಬಿಡಿಸಿ ನನ್ನ ಕೈಗೆ ಸುತ್ತತಾನ, ಬಳಿ ಅಂತ. ನನಗ ಬಳಿ ಬೇಕು ಅಂತ ಅಳ್ತಿದ್ದೆ ನಾನು."

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಕಂಡಿರದ, ನನ್ನಪ್ಪನೂ ಕಂಡಿರದ ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಪ್ರೀತಿ ಉಕ್ಕಿತು. ಪೊಟ್ಟಣದ ದಾರ ನನ್ನ ಮಂಡಿಯ ಹತ್ತಿರ ಬಿದ್ದಿತ್ತು. ಅತ್ತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಎಡಗೈ ಚಾಚಿದಳು.

ನಾನು ದಾರ ಎತ್ತಿ, ಎಣ್ಣೆ ಒರೆಸಿ, ಅವಳ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ.

"ಬಿಗಿ ಆತು" ಎಂದಳು. ಹಾಗೆಂದವಳು ಒಮ್ಮೆಲೇ ನನ್ನ ಮುಖ ನೋಡಿದಳು. "ಅಪ್ಪ ಕೇಳ್ತಿದ್ದ ಅಳಿಯಾ. ಪ್ರತಿ ಸಲ ಕೇಳ್ತಿದ್ದ. ಬಿಗಿ ಆತೇನವ್ವಾ, ನೋಯ್ತೈತೇನು ಅಂತ."

ನಾನು ಗಂಟು ಬಿಚ್ಚಿ ಸಡಿಲವಾಗಿ ಕಟ್ಟಿದೆ.